ಒಂದಿಷ್ಟು ಗಾಳಿ

ಲಿನಾವ್, ಮಿಂದನಾವ್
೧೪ ಫೆಬ್ರವರಿ ೧೯೮೧

ಅಕ್ಕ ಎಲ್ಪಿದಿಯಾಗೆ,

ಮನೆ ಮುಗಿಯಿತು. ಬಂದಾಗಿನಿಂದ ಮೂರು ವರ್ಷ ತೆಂಗಿನ ಗರಿಯ ಗುಡಿಸಲಿನಲ್ಲಿದ್ದೆ. ಈಗ ಹಲಗೆಯ ಗೋಡೆ, ತಗಡಿನ ಮಾಡು, ನಾಲ್ಕು ಕಿಟಕಿ. ಈಶಾನ್ಯಕ್ಕೂ ಒಂದು ಕಿಟಕಿ ಇಟ್ಟಿದ್ದೇನೆ. ಇದನ್ನು ಓದಿ ನೀನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತೀ ಎಂದು ಗೊತ್ತು. ನಮ್ಮ ಬತಾನೆಸ್‌ನಲ್ಲಿ ಆ ದಿಕ್ಕಿನ ಗೋಡೆಗೆ ಸೂಜಿ ತೂರುವಷ್ಟು ಸಂದನ್ನೂ ಬಿಡುವುದಿಲ್ಲ. ಇಲ್ಲಿ ಆ ಕಿಟಕಿಯಿಂದ ಕಡಲು ಕಾಣುತ್ತದೆ, ತಂಪು ಬರುತ್ತದೆ, ಅಷ್ಟೇ.

ಇಲ್ಲಿನ ಮುದುಕರನ್ನು ಕೇಳಿದೆ. ಬಿರುಗಾಳಿಯನ್ನು ಅವರು ಕಂಡಿಲ್ಲ, ಅವರ ಅಪ್ಪಂದಿರೂ ಕಂಡಿಲ್ಲ. ಲಿನಾವ್ ಅಂದರೆ ಇವರ ಮಾತಿನಲ್ಲಿ ಅಲುಗದ ನೀರು. ಪಕ್ಕದ ಮನೆಯ ಕಸಿಮಿರೊಗೆ ನಾವು ಮಾಡಿನ ಮೇಲೆ ಹಗ್ಗ ಹಾಯಿಸಿ ನೆಲಕ್ಕೆ ಬಿಗಿಯುವುದನ್ನು ಹೇಳಿದೆ. "ಯಾಕಯ್ಯಾ, ಬಿಟ್ರೆ ನಿಮ್ಮ ಮನೆ ಮೇಯೋಕೆ ಹೋಗುತ್ತಾ?" ಅಂದ.

ಕಳೆದ ವರ್ಷ ರೇಡಿಯೋದವರು ಹತ್ತೊಂಬತ್ತು ಬಿರುಗಾಳಿಗಳ ಹೆಸರು ಹೇಳಿದರು. ಹೇಳಿದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಒಂಬತ್ತು ನೆಲ ಮುಟ್ಟಿದವು. ಮೂರು ಬಿಕೋಲ್‌ಗೆ, ಎರಡು ಸಮಾರ್‌ಗೆ, ನಾಲ್ಕು ನಿಮ್ಮ ಕಡೆಗೆ. ಈ ಕಡೆ ಒಂದೂ ಇಲ್ಲ. ನಿನ್ನ ಪತ್ರಗಳಲ್ಲಿ ಮಾತ್ರ ಆ ನಾಲ್ಕರಲ್ಲಿ ಒಂದೇ ಬಂದಿದೆ.

ದೆಲಿಸಾಗೆ ಬರುವ ತಿಂಗಳು ಒಂಬತ್ತು ತುಂಬುತ್ತದೆ. ಅವಳನ್ನು ನಿನ್ನ ಬಳಿ ಬಿಡುವಾಗ ಒಂದು ವರ್ಷದ ಮಾತಾಗಿತ್ತು. ಮನೆಯಾಗಲಿ ಎಂದು ಮೂರಾಯಿತು. ಮನೆ ಈಗ ಆಗಿದೆ, ಮಗಳನ್ನು ಕಳಿಸು. ರೆಮೆದಿಯೋಸ್ ಎರಡನೆಯ ಹೆರಿಗೆಯ ನೋವಿನಲ್ಲಿದ್ದಾಗ ಐದು ದಿನ ಗಾಳಿ ಬಿಡಲಿಲ್ಲ, ಆಸ್ಪತ್ರೆಯ ದಡಕ್ಕೆ ದೋಣಿ ಹೋಗಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಊರಿನಲ್ಲಿ ಮಗಳನ್ನೂ ಇಡಲಾರೆ. ಇದನ್ನು ಮತ್ತೆ ಬರೆಯುವುದಿಲ್ಲ.

ಪಾದ್ರಿಗಳಿಗೆ, ಮೇಲಿನ ಮನೆಯ ಚಿಕ್ಕಮ್ಮಂದಿರಿಗೆ, ಗಾಣದ ಮನೆಯವರಿಗೆ ನಮಸ್ಕಾರ ತಿಳಿಸು.

ಹಸಿಂತೊ


ಸಬ್ತಂಗ್ ದ್ವೀಪ, ಬತಾನೆಸ್
೩೦ ಏಪ್ರಿಲ್ ೧೯೮೧

ತಮ್ಮ ಹಸಿಂತೊ,

ಪತ್ರ ಬಂದು ಸೇರಲು ಹತ್ತು ವಾರ ಹಿಡಿಯಿತು. ಅಷ್ಟರಲ್ಲಿ ಬೆಳ್ಳುಳ್ಳಿ ಕಿತ್ತು, ಜಡೆ ಹೆಣೆದು ಅಟ್ಟದಲ್ಲಿ ತೂಗುಹಾಕಿಯಾಗಿತ್ತು. ಹಾರುಮೀನು ಈ ಸಲ ಚೆನ್ನಾಗಿ ಸಿಕ್ಕಿತು, ಒಣಗಿಸಿದ್ದೇವೆ.

ರೇಡಿಯೋದವರು ಕಡಲಿನ ಮೇಲೆ ಒಂದು ಚೌಕ ಗೀಚಿಕೊಂಡಿದ್ದಾರೆ. ಅದರೊಳಗೆ ಕಾಲಿಟ್ಟದ್ದಕ್ಕೆಲ್ಲ ಒಂದೊಂದು ಹೆಸರು ಇಡುತ್ತಾರೆ. ಓಣಿಗೆ ಬಂದವರೆಲ್ಲ ನಮ್ಮ ಮನೆಯ ನೆಂಟರೇ ಎಂದು ಒಲೆ ಹಚ್ಚಿ ಕೂತರೆ ಹೇಗೆ? ನೀನು ಹೇಳುವ ನಾಲ್ಕರಲ್ಲಿ ಮೂರು ನಮ್ಮ ಹೊಸ್ತಿಲು ನೋಡಿ ಜಪಾನಿನ ಕಡೆ ತಿರುಗಿದವು. ಅವನ್ನು ಜಪಾನಿನ ಪಾಲಿಗೆ ಹಾಕು. ಉಳಿದದ್ದು ಒಂದು. ಅದೂ ಒಂದಿಷ್ಟು ಗಾಳಿ.

ದೆಲಿಸಾಳ ವಿಷಯ. ಅವಳು ಈಗ ಮೂರನೆಯ ತರಗತಿ. ಇಲ್ಲಿ ಓದು ಒಂದು ಹದಕ್ಕೆ ಬರಲಿ. ಅದಲ್ಲದೆ ಮೇ ತಿಂಗಳು ಹಗ್ಗ ಹಾಕುವ ಕಾಲ, ನಿನಗೆ ಮರೆತಿರಲಿಕ್ಕಿಲ್ಲ. ನಾನು ಮುಂಗಡೆಯಿಂದ ಎಸೆಯುತ್ತೇನೆ, ಅವಳು ಹಿಂಗಡೆ ನಿಂತು ಹಿಡಿಯುತ್ತಾಳೆ. ನಡುವೆ ಮಾಡು ಇರುವುದರಿಂದ ಮುಖ ಕಾಣುವುದಿಲ್ಲ, ಗಾಳಿಯಲ್ಲಿ ಕೂಗಿದ್ದೂ ಕೇಳಿಸುವುದಿಲ್ಲ. ಹಿಡಿದದ್ದು ಗೊತ್ತಾಗಲಿ ಎಂದು ಎರಡು ಸಲ ಜಗ್ಗುತ್ತಾಳೆ. ನೀನು ಜಗ್ಗುತ್ತಿದ್ದ ಹಾಗೆಯೇ. ಯಾರೂ ಹೇಳಿಕೊಟ್ಟದ್ದಲ್ಲ.

ಫಾಬ್ರೊ ದಂಪತಿ ನಿಮ್ಮ ಕಡೆ ವಲಸೆ ಹೊರಟಿದ್ದಾರೆ. ಅವರ ಕೈಯಲ್ಲಿ ನಲವತ್ತು ಮಾರು ಹಗ್ಗ ಕಳಿಸುತ್ತಿದ್ದೇನೆ, ನಾವಿಬ್ಬರೇ ಹೊಸೆದದ್ದು. ಮಾಡು ಅಂದ ಮೇಲೆ ಅದಕ್ಕೊಂದು ಹಗ್ಗ ಇರಬೇಕು.

ನಿನ್ನ ನಮಸ್ಕಾರಗಳನ್ನು ಹೇಳಿದೆ. ದೋಣಿಯ ತಿಬುರ್ಸಿಯೊನ ಹೆಸರು ಈ ಸಲವೂ ಇರಲಿಲ್ಲ. ಅವನೇನೂ ಕೇಳಲಿಲ್ಲ.

ಎಲ್ಪಿದಿಯಾ


ಲಿನಾವ್
೨೮ ಸೆಪ್ಟೆಂಬರ್ ೧೯೮೧

ಅಕ್ಕ,

ಹಗ್ಗ ತಲುಪಿತು. ಮಾಡಿಗೆ ಹಾಕಿದ್ದೇನೆ. ಬಿಗಿಯಾಗಿದೆ.

ಆಗಸ್ಟಿನಲ್ಲಿ ರೇಡಿಯೋದವರು ಒಂದು ಬಿರುಗಾಳಿಗೆ ಪಿದಿಯಾಂಗ್ ಎಂದು ಹೆಸರಿಟ್ಟರು. ಅಮ್ಮ ನಿನ್ನನ್ನು ಕರೆಯುತ್ತಿದ್ದ ಹೆಸರು. 'ಪಿದಿಯಾಂಗ್ ಬತಾನೆಸ್ ಬಿಟ್ಟು ಕದಲುತ್ತಿಲ್ಲ' ಎಂದು ಎರಡು ದಿನ ಅದನ್ನೇ ಹೇಳಿದರು. ನಲವತ್ತನಾಲ್ಕು ವರ್ಷದಿಂದ ಕದಲಿಲ್ಲ, ಇದರಲ್ಲಿ ಸುದ್ದಿಯೇನು ಬಂತು ಅಂದುಕೊಂಡೆ. ಫಾಬ್ರೊಗೂ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ.

ನಕ್ಕು ಮುಗಿದ ಮೇಲೆ ಕ್ಯಾಲೆಂಡರ್ ನೋಡಿದೆ. ಆಗಸ್ಟ್ ಹದಿನೆಂಟು, ಹತ್ತೊಂಬತ್ತು: ಬತಾನೆಸ್‌ಗೆ ಮೂರನೆಯ ನಂಬರಿನ ಎಚ್ಚರಿಕೆ. ಅದಕ್ಕಿಂತ ಮೇಲಿನ ನಂಬರು ಅವರ ಬಳಿ ಇಲ್ಲ. ನಿನ್ನ ಕೊನೆಯ ಪತ್ರದ ತಾರೀಖು ಆಗಸ್ಟ್ ಹತ್ತೊಂಬತ್ತು. 'ಗೆಣಸು ಸೀಳಿ ಬಿಸಿಲಿಗೆ ಹರಡಿದ್ದೇವೆ' ಎಂದು ಅದರಲ್ಲಿದೆ.

ಯಾವ ಬಿಸಿಲು ಅಕ್ಕ?

ಇದುವರೆಗೆ ಈ ವರ್ಷ ಹದಿನಾಲ್ಕು ಹೆಸರು. ನಿಮ್ಮ ಮೇಲೆ ಹಾದದ್ದು ಮೂರು. ನಮ್ಮಲ್ಲಿ ಸೊನ್ನೆ. ಪ್ರತಿ ಪತ್ರದಲ್ಲೂ ಈ ಲೆಕ್ಕವನ್ನೇ ಬರೆಯುತ್ತಿದ್ದೇನೆ. ನನಗೆ ಬೇರೆ ವಾದ ಬರುವುದಿಲ್ಲ.

ಹಸಿಂತೊ


ಸಬ್ತಂಗ್
೨ ಡಿಸೆಂಬರ್ ೧೯೮೧

ತಮ್ಮ,

ತಾರೀಖು ತಪ್ಪಿ ಬರೆದಿರಬೇಕು. ಗೆಣಸು ಒಣಗಿದ್ದು ನಿಜ.

ಪಿದಿಯಾಂಗ್ ಬಂದಿದ್ದಳು. ಒಂದಿಷ್ಟು ಗಾಳಿ. ಈ ವರ್ಷ ಹುಲ್ಲು ಹೊದಿಸುವ ಕೆಲಸವನ್ನು ಸ್ವಲ್ಪ ಬೇಗ, ಸೆಪ್ಟೆಂಬರಿನಲ್ಲೇ ಮಾಡಿದೆವು. ಊರಿನ ಹನ್ನೆರಡು ಜನ ಕೈಜೋಡಿಸಿದರು. ಕಬ್ಬಿನ ಹೆಂಡವನ್ನು ಅಷ್ಟೂ ಮುಗಿಸಿ ಹೋದರು.

ನೀನು ಕೇಳುತ್ತಿದ್ದದ್ದಕ್ಕೆ ಉತ್ತರ: ಬರುವ ಮೇ ತಿಂಗಳಲ್ಲಿ ದೆಲಿಸಾಳನ್ನು ಕಳಿಸುತ್ತೇನೆ. ಜೊತೆಗೆ ಯಾರಾದರೂ ಹೊರಡುವವರಿದ್ದರೆ ನೋಡು. ನೀನೇ ಬರಬೇಕೆಂದು ಹೇಳುವುದಿಲ್ಲ.

ಅವಳಿಗೆ ಹೇಳಿದೆ. ಕೈಯಲ್ಲಿದ್ದ ಗೆಣಸನ್ನು ಸುಲಿದು ಮುಗಿಸಿದಳು. ಆಮೇಲೆ, "ಅಲ್ಲಿ ಗಾಳಿನೇ ಬರಲ್ವಾ ಅತ್ತೆ?" ಅಂದಳು. ಬರುವುದಿಲ್ಲವಂತೆ ಅಂದೆ. "ಹಂಗಾದ್ರೆ ಮೇ ತಿಂಗಳಲ್ಲಿ ಅವರೆಲ್ಲ ಏನ್ ಮಾಡ್ತಾರೆ?" ಎಂದು ಕೇಳಿದಳು.

ನನಗೆ ತಿಳಿಯದು. ನೀನೇ ಹೇಳಬೇಕು.

ಎಲ್ಪಿದಿಯಾ


ಲಿನಾವ್
೯ ಮಾರ್ಚ್ ೧೯೮೨

ಅಕ್ಕ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಇಷ್ಟು ಸುಲಭಕ್ಕೆ ಒಪ್ಪುತ್ತೀ ಎಂದುಕೊಂಡಿರಲಿಲ್ಲ. ಕ್ಯಾಲೆಂಡರಿನ ಲೆಕ್ಕ ಕೊನೆಗೂ ನಿನ್ನನ್ನು ಗೆದ್ದಿತು ಎಂದು ತಿಳಿದುಕೊಳ್ಳುತ್ತೇನೆ.

ಫಾಬ್ರೊನ ಹೆಂಡತಿ ತಾಯಿಯನ್ನು ಕರೆತರಲು ಮೇ ತಿಂಗಳಲ್ಲಿ ಊರಿಗೆ ಬರುತ್ತಾಳೆ. ಅವಳ ಜೊತೆ ಕಳಿಸು. ಈಶಾನ್ಯದ ಕಿಟಕಿಯ ಕೆಳಗೆ ಮಂಚ ಹಾಕಿದ್ದೇನೆ. ಮಲಗಿದಲ್ಲಿಂದಲೇ ಕಡಲು ಕಾಣುತ್ತದೆ.

ಮೇ ತಿಂಗಳಲ್ಲಿ ಇಲ್ಲಿ ಕೊಬ್ಬರಿ ಒಣಗಿಸುತ್ತಾರೆ. ಜೂನಿನಲ್ಲಿಯೂ ಅದನ್ನೇ ಮಾಡುತ್ತಾರೆ.

ಹಸಿಂತೊ


ಸಬ್ತಂಗ್
೧೮ ಮೇ ೧೯೮೨
(ದೆಲಿಸಾಳ ಕೈಯಲ್ಲಿ)

ತಮ್ಮ,

ಮಗಳು ನಿನ್ನ ಎದುರು ನಿಂತಿದ್ದಾಳೆ. ಕೆಲವು ವಿಷಯ ಅವಳು ತಾನಾಗಿ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬಾಳೆದಿಂಡಿನ ಉಂಡೆ ಎಷ್ಟು ಕೊಟ್ಟರೂ ತಿನ್ನುತ್ತಾಳೆ. ಅನ್ನಕ್ಕಿಂತ ಗೆಣಸು ಇಷ್ಟ. ಸಿಟ್ಟು ಬಂದರೆ ಮಾತಾಡುವುದಿಲ್ಲ, ಏನಾದರೂ ಒಂದು ಕೆಲಸ ಹಚ್ಚಿಕೊಳ್ಳುತ್ತಾಳೆ. ಹಾಗೇ ಬಿಡು, ಕೆಲಸ ಮುಗಿಯುವ ಹೊತ್ತಿಗೆ ಸಿಟ್ಟೂ ಮುಗಿದಿರುತ್ತದೆ.

ಗಾಳಿಯ ಸದ್ದಿಗೆ ಅವಳಿಗೆ ಎಚ್ಚರವಾಗುವುದಿಲ್ಲ. ಎಷ್ಟು ಜೋರಾಗಿ ಬೀಸಿದರೂ ನಿದ್ದೆ ಮಾಡುತ್ತಾಳೆ. ಬೀಸುತ್ತಿದ್ದ ಗಾಳಿ ತಟ್ಟನೆ ನಿಂತರೆ ಮಾತ್ರ ಎದ್ದು ಕೂರುತ್ತಾಳೆ. ನಿಮ್ಮಲ್ಲಿ ಸದಾ ನಿಶ್ಶಬ್ದ ಎನ್ನುತ್ತೀ, ಮೊದಮೊದಲು ನಿದ್ದೆ ಬಾರದೆ ಹೊರಳಾಡಿಯಾಳು. ಗದರಬೇಡ.

ಎಡಹುಬ್ಬಿನ ಮೇಲಿನ ಗಾಯ ಆಡು ಹಾಯ್ದದ್ದು. ವಾಸಿಯಾಗಿದೆ.

ಈ ವರ್ಷದ ಹಗ್ಗವನ್ನು ಅವಳು ಹೊರಡುವ ಮೊದಲೇ ಹಾಕಿದೆವು. ಹೊಸದು, ಜೂನಿನಲ್ಲಿ ಸಡಿಲಾಗುತ್ತದೆ. ಬಿಚ್ಚಿ ಇನ್ನೊಂದು ಸಲ ಎಸೆದು ಬಿಗಿಯಬೇಕು.

ಎಲ್ಪಿದಿಯಾ


ಲಿನಾವ್
೨೫ ಜುಲೈ ೧೯೮೨

ಅಕ್ಕ,

ದೆಲಿಸಾ ಕ್ಷೇಮ. ಶಾಲೆಗೆ ಸೇರಿದಳು. ಇಲ್ಲಿನ ಮಾತು ನನಗಿಂತ ಬೇಗ ಕಲಿಯುತ್ತಿದ್ದಾಳೆ.

ಬಂದ ದಿನ ಮನೆಯ ಸುತ್ತ ಒಂದು ಸುತ್ತು ಬಂದಳು. ಮಾಡು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಮಾಡು ನೋಡಿದಳು. ಮರುದಿನದಿಂದ ಹೊಳೆಯಂಚಿನಿಂದ ದೊಡ್ಡ ದೊಡ್ಡ ಕಲ್ಲು ತಂದು ಗೋಡೆಯ ಬುಡಕ್ಕೆ ಒಟ್ಟುತ್ತಿದ್ದಾಳೆ. ಕೆಲಸ ಹಚ್ಚಿಕೊಂಡಾಗ ಬಿಟ್ಟುಬಿಡು ಎಂದಿದ್ದೀ. ಬಿಟ್ಟಿದ್ದೇನೆ. ನಮ್ಮ ಕಡೆಯ ಹಗ್ಗದ ಮನೆಗಳ ಕಥೆ ಹೇಳುತ್ತಾಳೆಂದು ಊರಿನವರು ಅವಳಿಗೆ ಹಗ್ಗದ ಹುಡುಗಿ ಎಂದು ಹೆಸರಿಟ್ಟಿದ್ದಾರೆ. "ನಿನ್ ಮಗಳು ಮನೆನ ಹಡಗು ಅಂದ್ಕೊಂಡಿದಾಳೆ ಕಣಯ್ಯಾ, ಲಂಗರು ಹಾಕ್ತಿದಾಳೆ" ಎನ್ನುತ್ತಾನೆ ಕಸಿಮಿರೊ.

ಹುಬ್ಬಿನ ಗಾಯದ ಬಗ್ಗೆ ಕೇಳಿದೆ. ಯಾವ ಬಣ್ಣದ ಆಡು ಅಂದೆ. ಕಪ್ಪು ಅಂದಳು. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. ಬಿಳಿ ಅಂದಳು. ಮೂರನೆಯ ಸಲ ಕೇಳಲಿಲ್ಲ.

ಮಂಚವನ್ನು ಈಶಾನ್ಯದ ಕಿಟಕಿಯಿಂದ ಎದುರಿನ ಗೋಡೆಗೆ ಅವಳೇ ಎಳೆದುಕೊಂಡಿದ್ದಾಳೆ.

ಹಸಿಂತೊ


ಸಬ್ತಂಗ್
೩೦ ಅಕ್ಟೋಬರ್ ೧೯೮೨

ತಮ್ಮ,

ನೀನು ಗುರುತು ಹಾಕಿಕೊಳ್ಳುವವನು, ಅದಕ್ಕೆ ಈ ವರ್ಷದ್ದನ್ನು ಸರಿಯಾಗಿ ಬರೆಯುತ್ತೇನೆ. ಜೂನ್ ಇಪ್ಪತ್ತೇಳು: ಒಂದು ದಿನ, ಪಡುವಣದಿಂದ. ಜುಲೈ ಹದಿನಾರು: ಒಂದೂವರೆ ದಿನ, ಹಸುಗಳ ಕೊಟ್ಟಿಗೆಯ ಮೂಲೆ ಕುಸಿಯಿತು. ಆಗಸ್ಟ್ ಒಂಬತ್ತು: ದೂರದಿಂದ ಹೋಯಿತು, ಆದರೂ ಮೂರು ದಿನ ದೋಣಿ ಇಳಿಯಲಿಲ್ಲ. ಸೆಪ್ಟೆಂಬರ್ ನಾಲ್ಕು: ಬಿರುಗಾಳಿಯ ನಡುಗಣ್ಣು ನೇರ ನಮ್ಮ ಮೇಲೆ ಬಂತು, ಮಧ್ಯಾಹ್ನ ಅರ್ಧ ಗಂಟೆ ಬಿಸಿಲಿತ್ತು, ಆಮೇಲೆ ಆ ಕಡೆಯ ಗಾಳಿ. ಗೆಣಸಿನ ಬಳ್ಳಿ ಉಪ್ಪುನೀರಿಗೆ ಸುಟ್ಟುಹೋಯಿತು. ಅಕ್ಟೋಬರ್ ಹನ್ನೆರಡು: ಎರಡು ದಿನ. ಒಟ್ಟು ಐದು. ಜಪಾನಿಗೆ ಹೋದವನ್ನು ಇದರಲ್ಲಿ ಸೇರಿಸಿಲ್ಲ.

ಜೂನಿನಲ್ಲಿ ಹಗ್ಗ ಬಿಗಿಯುವಾಗ ಹಿಂಗಡೆ ತಿಬುರ್ಸಿಯೊ ನಿಂತಿದ್ದ. ತೊಂದರೆಯಾಗಲಿಲ್ಲ.

ನಿನ್ನ ಮನೆಯ ಹಗ್ಗವನ್ನೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಬಿಸಿಲಿಗೆ ನಾರು ಸಾಯುತ್ತದೆ. ದೆಲಿಸಾಗೆ ಗೊತ್ತು.

ಅವಳ ಕಾಲಳತೆ ಬರೆದು ಕಳಿಸು. ಉಣ್ಣೆಯ ಕಾಲುಚೀಲ ಹೆಣೆಯೋಣವೆಂದಿದ್ದೆ. ಆಮೇಲೆ ನೆನಪಾಯಿತು, ನಿಮ್ಮಲ್ಲಿ ಚಳಿಯೂ ಇಲ್ಲ.

ಎಲ್ಪಿದಿಯಾ


ಲಿನಾವ್
೧೧ ಡಿಸೆಂಬರ್ ೧೯೮೨

ಅಕ್ಕ,

ಕಳೆದ ವಾರ ಇಲ್ಲಿ ಒಂದಿಷ್ಟು ಗಾಳಿ ಬಂತು. ದೆಲಿಸಾ ಕ್ಷೇಮ, ನಾನೂ ಕ್ಷೇಮ. ತೆಂಗಿನಕಾಯಿ ಬಿದ್ದಿವೆ. ಶಾಲೆಗೆ ಸ್ವಲ್ಪ ದಿನ ರಜೆ.

ಪೆನ್ನು ಸಿಗಲಿಲ್ಲ, ಪೆನ್ಸಿಲಿನಲ್ಲಿ ಬರೆದಿದ್ದೇನೆ. ಕಾಗದ ಒದ್ದೆಯಾಗಿದೆ, ಅದೇನೂ ಅಲ್ಲ.

ಹಸಿಂತೊ


ಸಬ್ತಂಗ್
೮ ಜನವರಿ ೧೯೮೩

ತಮ್ಮ,

ಡಿಸೆಂಬರ್ ಮೂರರಂದು ಪಾದ್ರಿಗಳ ರೇಡಿಯೋದಲ್ಲಿ ಕೇಳಿದೆ. ಬಿರುಗಾಳಿ ಮಿಂದನಾವ್‌ನ ಮೂಡಣ ದಡ ಹತ್ತಿತು ಎಂದರು. ಹೇಳುವವನು ತಪ್ಪು ಓದಿದ ಅಂದುಕೊಂಡೆ. ಐದು ವರ್ಷ ನಿನ್ನ ಸೊನ್ನೆಗಳನ್ನು ಓದಿ ಓದಿ ನಾನೂ ಅವನ್ನು ನಂಬಿಬಿಟ್ಟಿದ್ದೆ.

ನಿನ್ನ ಪತ್ರ ನಿನ್ನೆ ಬಂತು. ಒಂದಿಷ್ಟು ಗಾಳಿ ಎಂದಿದ್ದೀ. ಹಸಿಂತೊ, ಆ ಮಾತು ನನ್ನದು. ಅದರೊಳಗೆ ಏನೇನು ತುಂಬಿಡಬಹುದು ಎಂದು ನನಗೆ ಗೊತ್ತು. ನಾನು ಏನು ತುಂಬಿಟ್ಟಿದ್ದೆ ಎಂದು ಮೊದಲು ಹೇಳುತ್ತೇನೆ, ಆಮೇಲೆ ನಿನ್ನದನ್ನು ಹೇಳು.

ಎಂಬತ್ತೊಂದರ ಆಗಸ್ಟ್ ಹತ್ತೊಂಬತ್ತರಂದು ಬಿಸಿಲಿರಲಿಲ್ಲ. ಅಡುಗೆಮನೆಯ ಮಾಡೂ ಒಂದು ಕಲ್ಲಿನ ಗೋಡೆಯೂ ಬಿದ್ದವು. ದೆಲಿಸಾ ಒಳಗಿದ್ದಳು. ತೊಲೆಯೊಂದು ಗೋಡೆಗೆ ಓರೆಯಾಗಿ ನಿಂತದ್ದರಿಂದ ಅದರಡಿಯಲ್ಲಿ ಉಳಿದಳು. ಬೆಳಗಿನಿಂದ ಸಂಜೆಯವರೆಗೆ ಕಲ್ಲು ತೆಗೆದೆ. ಒಳಗಿಂದ ಅವಳು ಅಳಲಿಲ್ಲ, ಗೆಣಸು ಒದ್ದೆಯಾಗುತ್ತಿದೆ ಎಂದಳು. ಅವಳು ಹೊರಗೆ ಬಂದ ಮೇಲೆ ಅದೇ ದಿನ ಕೂತು ನಿನಗೆ ಪತ್ರ ಬರೆದೆ. ಬಿಸಿಲು ಎಂದು ಬರೆದೆ. ನೀನು ಬಂದು ಕರೆದುಕೊಂಡು ಹೋಗುತ್ತೀ ಎನ್ನುವ ಹೆದರಿಕೆಯಿಂದ ಬರೆದದ್ದು. ಮೂರು ತಿಂಗಳು ದಿನವೂ ಆ ಹುಬ್ಬು ನೋಡಿದೆ. ಆಮೇಲೆ ನಾನೇ ಕಳಿಸುತ್ತೇನೆ ಎಂದೆ. ನಿನ್ನ ಕ್ಯಾಲೆಂಡರ್ ಗೆಲ್ಲಲಿಲ್ಲ.

ಆಡು ಇರಲಿಲ್ಲ. ನಮ್ಮ ಆಡುಗಳಿಗೆ ಕೊಂಬೇ ಇಲ್ಲ.

ಈಗ ನೀನು ಹೇಳು. ಮನೆಗೆ ಮಾಡು ಇದೆಯೇ? ಈಶಾನ್ಯದ ಕಿಟಕಿ ಏನಾಯಿತು? ಅವಳು ಎಲ್ಲಿದ್ದಳು?

ಎಲ್ಪಿದಿಯಾ


ಲಿನಾವ್
೬ ಫೆಬ್ರವರಿ ೧೯೮೩

ಅಕ್ಕ,

ಶಾಲೆಯ ಅಂಗಳದಲ್ಲಿ ಬೆಂಚಿನ ಮೇಲೆ ಕೂತು ನಿನ್ನ ಪತ್ರ ಓದಿದೆ. ಶಾಲೆ ಇಲ್ಲ, ಬೆಂಚುಗಳಿವೆ. ಕೇಳಿದ್ದೀ, ಹೇಳುತ್ತೇನೆ.

ರೇಡಿಯೋದವರು ಎರಡು ದಿನ ಮೊದಲೇ ಹೇಳಿದ್ದರು. ಯಾರೂ ನಂಬಲಿಲ್ಲ. "ಪಾಪ, ದಾರಿ ತಪ್ಪಿದೆ. ಯಾರನ್ನಾದ್ರೂ ವಿಚಾರಿಸ್ಕೊಂಡು ನಿಮ್ಮೂರಿಗೇ ಹೋಗುತ್ತೆ ಬಿಡು" ಎಂದ ಕಸಿಮಿರೊ. ನಾನೂ ನಕ್ಕೆ. ದೆಲಿಸಾ ಹಗ್ಗ ಕೇಳಿದಳು.

ಹಗ್ಗ ಮಾಡಿನ ಮೇಲೆ ಯಾವತ್ತೂ ಇರಲಿಲ್ಲ ಅಕ್ಕ. ಊರಿನವರ ಮುಂದೆ ಮನೆಗೆ ಹಗ್ಗ ಕಟ್ಟಿ ನಿಲ್ಲಲು ನಾಚಿಕೆಯಾಗಿತ್ತು. ಮೂರು ತುಂಡು ಮಾಡಿದ್ದೆ. ಒಂದು ಕೋಣನ ಕೊರಳಿಗೆ, ಒಂದು ಬಾವಿಗೆ, ಇನ್ನೊಂದನ್ನು ಕಸಿಮಿರೊ ದೋಣಿಗೆಂದು ಒಯ್ದಿದ್ದ. ಜೂನಿನಲ್ಲಿ ಬಂದ ದಿನವೇ ಅವಳಿಗೆ ಗೊತ್ತಾಗಿತ್ತು. ಅತ್ತೆಗೆ ಬರೆಯಬೇಡ ಎಂದಿದ್ದೆ. ಬರೆಯಲಿಲ್ಲ. ನಿನಗೆ ಆಡು, ನನಗೆ ಹಗ್ಗ, ಎರಡನ್ನೂ ಅವಳೇ ಹೊತ್ತುಕೊಂಡಿದ್ದಳು.

ಮೂರನೆಯ ತಾರೀಖು ಬೆಳಿಗ್ಗೆ ಎಂಟರ ಸುಮಾರಿಗೆ ಈಶಾನ್ಯದ ಕಿಟಕಿ ಚೌಕಟ್ಟಿನ ಸಮೇತ ಒಳಕ್ಕೆ ಬಂತು. ಒಳಗೆ ಹೊಕ್ಕ ಗಾಳಿ ಮಾಡನ್ನು ಎತ್ತಿಕೊಂಡು ಹೋಯಿತು. ಎರಡು ಗೋಡೆ ಉಳಿದವು. ಅವು ದೆಲಿಸಾ ಬುಡಕ್ಕೆ ಕಲ್ಲು ಒಟ್ಟಿದ್ದ ಗೋಡೆಗಳು. ಆ ಮೂಲೆಯಲ್ಲಿ ಮೇಜಿನ ಕೆಳಗೆ ಇಬ್ಬರೂ ಸೇರಿಕೊಂಡೆವು. ಅವಳು ನಿದ್ದೆ ಮಾಡಿಬಿಟ್ಟಳು. ನೀನು ಬರೆದದ್ದು ಓದಿದ್ದೆ, ಆದರೂ ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ.

ಹತ್ತೂವರೆಗೆ ಗಾಳಿ ನಿಂತಿತು. ಬಿಸಿಲು ಬಂತು. ಅವಳು ಎದ್ದು ಕೂತಳು.

ಜನ ಹೊರಗೆ ಬಂದಿದ್ದರು. ಕೆಲವರು ತಗಡು ಆರಿಸುತ್ತಿದ್ದರು. ಒಬ್ಬಾಕೆ ಬೇಲಿಯ ಮೇಲೆ ಒದ್ದೆ ಹೊದಿಕೆ ಹರಡುತ್ತಿದ್ದಳು. ನಾನು ಕೋಣನನ್ನು ಹುಡುಕಲು ಹೊರಟೆ. ಬತಾನೆಸ್‌ನಲ್ಲಿ ಮೂವತ್ತೈದು ವರ್ಷ ಬದುಕಿದವನು ನಾನು, ಆ ಬಿಸಿಲನ್ನು ನಂಬಿದೆ. ಬೇಡವಾದ ಊರನ್ನು ಮರೆಯಲು ಹೋಗಿ ಅದನ್ನೂ ಮರೆತಿದ್ದೆ. ದೆಲಿಸಾ ನನ್ನ ಅಂಗಿ ಹಿಡಿದುಕೊಂಡಳು.

"ಅಪ್ಪಾ, ಇನ್ನರ್ಧ ಬಾಕಿ ಇದೆ. ಈಗ ಆ ಕಡೆಯಿಂದ ಬರುತ್ತೆ."

ತೋಟದಾಚೆ ಕೊಬ್ಬರಿ ಒಣಗಿಸುವ ಗುಂಡಿಯಿದೆ, ಮೂರು ಕಡೆ ಮಣ್ಣಿನ ದಿಬ್ಬ, ಬಾಯಿ ಈಶಾನ್ಯಕ್ಕೆ. ಮೊದಲರ್ಧದಲ್ಲಿ ಅಲ್ಲಿದ್ದಿದ್ದರೆ ಸಾಯುತ್ತಿದ್ದೆವು. ಈಗ ಗಾಳಿ ಅದರ ಬೆನ್ನಿಗೆ ಬರುತ್ತದೆ ಎಂದಳು. ಅವಳು ಮನೆಮನೆಗೆ ಓಡಿ ಕರೆದಳು, ನಾನು ಹಿಂದೆ ಓಡಿದೆ. ಇಪ್ಪತ್ತಮೂರು ಜನ ಬಂದರು. ಕಸಿಮಿರೊ ಬರಲಿಲ್ಲ. "ಏನೇ ಹಗ್ಗದ ಹುಡುಗಿ, ಗಾಳಿ ನಿಂಗೆ ಹೇಳಿ ಹೋಯ್ತಾ?" ಎಂದು ನಗುತ್ತಲೇ ದೋಣಿ ನೋಡಲು ಕಡಲ ಕಡೆ ನಡೆದ. ಭಾನುವಾರ ಅವನ ಹೆಣ ಸಿಕ್ಕಿತು. ದೋಣಿಗೆ ಕಟ್ಟಿದ್ದ ನಿನ್ನ ಹಗ್ಗ ಗಟ್ಟಿಯಾಗಿಯೇ ಇತ್ತು.

ಗುಂಡಿಯಲ್ಲಿ ಕೂತಿದ್ದಾಗ ಕೋಣನ ಕೂಗು ಕೇಳುತ್ತಿತ್ತು. ಸುಮಾರು ಹೊತ್ತು ಕೂಗಿತು. ನಾನು ಹೋಗಲಿಲ್ಲ. ಕೋಣನಿಗೂ ರೆಮೆದಿಯೋಸ್‌ಗೂ ಹೋಲಿಕೆಯಿಲ್ಲ, ಅದು ಗೊತ್ತು. ಆ ಐದು ದಿನ ದಿನಕ್ಕೊಂದು ಸಲ ತಿಬುರ್ಸಿಯೊನ ಬಾಗಿಲಿಗೆ ಹೋಗಿ ದೋಣಿ ಇಳಿಸು ಎಂದು ಕೇಳಿದ್ದೆ. ಐದು ಸಲವೂ ಅವನು ಕಡಲು ನೋಡಿ ತಲೆಯಾಡಿಸಿದ. ಒಳಗೆ ಕೂತವನಿಗೆ ಅದು ಹೇಗಿರುತ್ತದೆ ಎಂದು ಅಂದು ತಿಳಿದಿರಲಿಲ್ಲ. ಈ ಪತ್ರದ ಜೊತೆ ಹೊಗೆಸೊಪ್ಪಿನ ಒಂದು ಕಟ್ಟು ಇದೆ, ಅವನಿಗೆ. ಏನೂ ಹೇಳಬೇಡ, ಕೊಡು.

ಅವಳನ್ನು ಹಿಂದಕ್ಕೆ ಕಳಿಸಬೇಕು ಎಂದುಕೊಂಡೆ. ಅಲ್ಲಿ ಕಲ್ಲಿನ ಗೋಡೆಯಾದರೂ ಇದೆ. ಅತ್ತೆಯ ಬಳಿ ಹೋಗುತ್ತೀಯಾ ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳದೆ, ಕಳೆದ ಜೂನಿನಲ್ಲಿ ಅತ್ತೆಯ ಮನೆಯ ಹಿಂಗಡೆ ಯಾರು ನಿಂತಿದ್ದರು ಎಂದಳು. ತಿಬುರ್ಸಿಯೊ ಅಂತೆ ಅಂದೆ.

"ಸುಳ್ಳು. ತಿಬುರ್ಸಿಯೊ ಅಜ್ಜನ ಬಲಗೈ ಭುಜದಿಂದ ಮೇಲೆ ಏಳಲ್ಲ. ಅತ್ತೆ ಒಬ್ಬಳೇ ಕಟ್ಟಿರ್ತಾಳೆ."

ನಿನ್ನ ಅಕ್ಟೋಬರಿನ ಪತ್ರವನ್ನು ಅವಳು ಶಾಲೆಯ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ತೆಗೆದು ನನ್ನ ಮುಂದೆ ಹಿಡಿದಳು. "ನೋಡು, ಅಲ್ಲಿಯದೆಲ್ಲ ಜೂನಿಂದ ಅಕ್ಟೋಬರು. ಇಲ್ಲಿಗೆ ಬಂದಿದ್ದು ಡಿಸೆಂಬರಲ್ಲಿ. ಏಪ್ರಿಲ್ ಮೇ ನಂಗೆ ರಜ, ನಾನು ಹೋಗಿ ಅಲ್ಲಿ ಹಿಡೀತೀನಿ. ನವೆಂಬರಲ್ಲಿ ಅತ್ತೆ ಬಂದು ಇಲ್ಲಿ ಎಸೀಲಿ."

ಅತ್ತೆ ಆ ಊರು ಬಿಟ್ಟು ಕದಲುವವಳಲ್ಲ ಅಂದೆ.

"ಬಾ ಅಂದ್ರೆ ಬರಲ್ಲ. ಹಗ್ಗ ಹಾಕ್ಬೇಕು ಅಂದ್ರೆ ಬರ್ತಾಳೆ" ಅಂದಳು.

ಹಗ್ಗ ಹಾಕಬೇಕು, ಅಕ್ಕ.

ಹಸಿಂತೊ


ಸಬ್ತಂಗ್
೨೯ ಮೇ ೧೯೮೩
(ದೆಲಿಸಾಳ ಕೈಯಲ್ಲಿ)

ತಮ್ಮ,

ಮಗಳನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಎರಡು ಬೆರಳು ಎತ್ತರವಾಗಿದ್ದಾಳೆ. ಬಾಳೆದಿಂಡಿನ ಉಂಡೆ ಬೇಡ ಎನ್ನುವಷ್ಟು ತಿಂದಿದ್ದಾಳೆ.

ಕಳೆದ ಜೂನಿನಲ್ಲಿ ಹಿಂಗಡೆ ಯಾರೂ ಇರಲಿಲ್ಲ. ಎಸೆದು, ಮನೆ ಸುತ್ತಿ ಬಂದು, ಬಿದ್ದದ್ದನ್ನು ಎತ್ತಿಕೊಂಡು ಬಿಗಿದೆ. ಮತ್ತೆ ಸುತ್ತಿ ಹೋಗಿ ಎಸೆದೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಮೂರು ದಿನ ಬೇಕಾಯಿತು. ನಿನಗೆ ಹೇಳಿದರೆ ಹುಡುಗಿಯನ್ನು ಕಳಿಸಿದ್ದಕ್ಕೆ ಸಂಕಟಪಡುತ್ತಿದ್ದೇನೆ ಎಂದು ತಿಳಿಯುತ್ತಿದ್ದೆ. ತಿಳಿದರೆ ಅದು ತಪ್ಪಾಗುತ್ತಿರಲಿಲ್ಲ.

ಈ ಸಲ ನಿನ್ನೆ ಹಾಕಿದೆವು. ಮೊದಲ ಹಗ್ಗ ಎಸೆದು ಕಾದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎರಡು ಸಲ ಜಗ್ಗಿದ್ದು ಕೈಗೆ ಬಂತು. ಉಳಿದ ಏಳನ್ನೂ ಎಸೆದೆ.

ಹೊಗೆಸೊಪ್ಪು ತಿಬುರ್ಸಿಯೊಗೆ ಕೊಟ್ಟೆ. ಯಾರದು ಎಂದು ಕೇಳಿದ. ಹೇಳಿದೆ. ಕಟ್ಟು ಬಿಚ್ಚಲಿಲ್ಲ, ಮೂಸಿ ನೋಡಿ ಅಂಗಿಯೊಳಗೆ ಇಟ್ಟುಕೊಂಡ. ಮಾರನೆಯ ದಿನ ಬಂದು ನನ್ನ ಕೊಟ್ಟಿಗೆಯ ಮೂಲೆಯನ್ನು ಎಡಗೈಯಲ್ಲೇ ಕಟ್ಟಿಕೊಟ್ಟು ಹೋದ.

ದೆಲಿಸಾಳ ಗಂಟಿನಲ್ಲಿ ಅರವತ್ತು ಮಾರು ಹಗ್ಗವಿದೆ. ಕೋಣ ಕೊಂಡರೆ ಅದಕ್ಕೆ ಬೇರೆ ಹಗ್ಗ ನೋಡು. ಗೋಡೆ ಎಬ್ಬಿಸುವಾಗ ಈಶಾನ್ಯಕ್ಕೆ ಕಿಟಕಿ ಬೇಡ. ಮನೆಯ ಆಚೆ ಎಂಟು, ಈಚೆ ಎಂಟು ಗೂಟ ಹೊಡೆದಿಡು, ನಾನು ಬಂದ ಮೇಲೆ ಗೂಟ ಹೊಡೆಯುತ್ತ ಕೂರುವುದಿಲ್ಲ. ಕಸಿಮಿರೊನ ಹೆಂಡತಿಯ ಮನೆಗೂ ಹಾಕೋಣ, ಅವಳು ಒಪ್ಪಿದರೆ.

ನವೆಂಬರಿನ ಮೊದಲ ವಿಮಾನಕ್ಕೆ ಹೊರಡುತ್ತೇನೆ. ಪಿದಿಯಾಂಗ್ ಕದಲಿದಳು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ.

ಈ ವರ್ಷ ಇದುವರೆಗೆ ಒಂದು. ಅದು ನಿಜವಾಗಿಯೂ ಜಪಾನಿಗೇ ಹೋಯಿತು.

ಎಲ್ಪಿದಿಯಾ